ಹಾಸಿಗೆಹುಣ್ಣೂ ದಾದಿಯ ಕಣ್ಣೂ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಬರೆಯುವ ಲೇಖನವು ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ಆಟೋಟಗಳಲ್ಲಿ ದೊರೆತ ಬಹುಮಾನ ಇವುಗಳನ್ನು ಕುರಿತದ್ದಾಗಿರುವುದು ವಾಡಿಕೆ. ಆ ವಿವರಗಳೆಲ್ಲವೂ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುವುದರಿಂದ ಅವುಗಳನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಹಾಸಿಗೆ ಹಿಡಿದ ರೋಗಿಯ ಮೈಮೇಲೆ ಏಳುವ ಹುಣ್ಣನ್ನು ಕುರಿತು ನಾಲ್ಕು ಮಾತುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಅರಿಕೆಮಾಡಿಕೊಳ್ಳಬೇಕೆಂದಿದ್ದೇನೆ. ಸಂತೋಷದ ಸಂಚಿಕೆಯಲ್ಲಿ ಹುಣ್ಣಿನ ಮಾತೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಈ ಶಾಲೆಯಿಂದ ಹೊರಟವರಲ್ಲಿ ದಾದಿಯ ವೃತ್ತಿಯನ್ನು ಹಿಡಿದವರು ಕಡಿಮೆಯೇನೂ ಇಲ್ಲ. ಉಳಿದವರೆಲ್ಲರೂ ಒಂದಲ್ಲ ಒಂದು ದಿನ ತಾಯಿಗೋ ಅತ್ತೆಗೋ ಗಂಡನಿಗೋ ಸಂಬಳವಿಲ್ಲದ ದಾದಿಯರಾಗತಕ್ಕವರೇ. ಆದಕಾರಣ ಈ ವಿಷಯವು ನಮ್ಮದೇ.

ಮೊದಲು ಈ ಹುಣ್ಣು ಎಂತಹದೆಂಬುದನ್ನು ತಿಳಿಯೋಣ. ಆರೋಗ್ಯವಂತರಾದ ನಾವು ನಿದ್ರೆಯಲ್ಲಿಯೂ ಎಷ್ಟೋ ಸಲ ಹೊರಳುತ್ತೇವೆ. ಒಂದೇ ಕಡೆ ಮೈಯೂರಿದಾಗ ಆ ಭಾಗದ ಸಣ್ಣ ರಕ್ತನಾಳಗಳು ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ ಅದುಮಿಹೋಗುತ್ತವೆ. ನೋವು ತಟ್ಟಿದ ಕೂಡಲೇ ದೇಹವು ನಮ್ಮನ್ನು ಕೇಳದೆಯೇ ಮಗ್ಗುಲು ಬದಲಿಸುತ್ತದೆ. ಹೊರಳಲಾರದವನಿಗೆ, ಅಥವಾ ನೋವೇ ತಿಳಿಯದವನಿಗೆ, ಈ ಕಾವಲು ಇರುವುದಿಲ್ಲ. ರಕ್ತ ಹರಿಯದ ಮಾಂಸವು ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಮಗ್ಗುಲು, ಮೊಣಕೈ, ಭುಜದ ಹಲಗೆ, ತಲೆಯ ಹಿಂಭಾಗ, ಹೀಗೆ ಮೂಳೆಯು ಚರ್ಮಕ್ಕೆ ಹತ್ತಿರವಿರುವ ಕಡೆಗಳಲ್ಲೆಲ್ಲ ಈ ಅಪಾಯವುಂಟು. ತೇವವು ಚರ್ಮವನ್ನು ಮೆದುವಾಗಿಸುತ್ತದೆ. ದಿಂಬಿಗೆ ಒರಗಿಸಿದ ರೋಗಿಯು ಕೆಳಕ್ಕೆ ಜಾರಿದಾಗ ಚರ್ಮವು ಹಾಸಿಗೆಗೆ ಅಂಟಿ ನಿಲ್ಲುತ್ತದೆ, ಒಳಗಿನ ಮೂಳೆಯು ಮುಂದೆ ಸರಿಯುತ್ತದೆ, ನಡುವಿನ ಮಾಂಸವು ಹರಿಯುತ್ತದೆ. ಹೊರಗೆ ಕಾಣುವ ಕಾಸಿನಗಲದ ಗಾಯದ ಕೆಳಗೆ ಮುಷ್ಟಿಯಷ್ಟು ಕುಳಿ ಇರಬಹುದು. ಹುಣ್ಣು ಒಳಗಿನಿಂದಲೇ ಹುಟ್ಟಿ ಹೊರಕ್ಕೆ ಬರುವುದುಂಟೆಂಬುದನ್ನು ಬಹು ಜನರು ಅರಿಯರು.

ನಮ್ಮ ಸೀಮೆಯಲ್ಲಿ ಇದಕ್ಕೆ ತುತ್ತಾಗುವವರು ಯಾರು? ತರೀಕೆರೆಯ ಕಡೆ ಅಡಿಕೆ ಕೊಯ್ಲಿನಲ್ಲಿಯೂ ಕಡೂರಿನ ಕಡೆ ತೆಂಗಿನ ತೋಟಗಳಲ್ಲಿಯೂ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು, ಬಚ್ಚಲಿನಲ್ಲಿ ಜಾರಿದ ಮುದುಕಿಯರು, ಲಕ್ವ ಹೊಡೆದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು. ಇಂಥವರನ್ನು ಅಜ್ಜಂಪುರದಿಂದಲೋ ತರೀಕೆರೆಯಿಂದಲೋ ಶಿವಮೊಗ್ಗಕ್ಕೂ ಚಿಕ್ಕಮಗಳೂರಿಗೂ ಇನ್ನೂ ದೂರದ ಬೆಂಗಳೂರಿಗೂ ವಾಹನದಲ್ಲಿ ಅಲುಗಾಡದಂತೆ ಮಲಗಿಸಿ ಒಯ್ಯುತ್ತಾರೆ. ವೈದ್ಯರು ನೋಡುವವರೆಗೆ ಗಟ್ಟಿ ಹಲಗೆಯ ಮೇಲೆ ಕಳೆದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಹುಣ್ಣಿನ ಮೊದಲ ಗಂಟೆಯು ಅನೇಕ ವೇಳೆ ವಾರ್ಡಿನ ಹಾಸಿಗೆಯಲ್ಲಲ್ಲ, ದಾರಿಯಲ್ಲಿಯೇ ಆರಂಭವಾಗಿರುತ್ತದೆ.

ನನ್ನ ತಾಯಿಯವರು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಕಡೂರಿನ ಮನೆಯಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತನ್ನು ಮುರಿದುಕೊಂಡರು. ಒಂದು ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗಾಗಿ ನಾಲ್ಕು ದಿನ ಕಾಯಬೇಕಾಯಿತು. ಕಾಲನ್ನು ಅಲುಗಿಸಬಾರದೆಂದು ಅಪ್ಪಣೆಯಾಗಿತ್ತು. ಅವರು ಅಲುಗದೆ ಮಲಗಿದರು. ದಾದಿಯರು ಹೊತ್ತುಹೊತ್ತಿಗೆ ಔಷಧ ಕೊಟ್ಟರು, ಜ್ವರ ನೋಡಿದರು, ನಾಡಿ ಬರೆದರು. ಆರನೆಯ ದಿನ ಮೈ ಒರೆಸಲು ಬಂದ ಆಯಾ ಬೆನ್ನಿನ ಬುಡದಲ್ಲಿ ಅಂಗೈಯಗಲ ಕಪ್ಪಾದ ಚರ್ಮವನ್ನು ಕಂಡಳು. ಅದನ್ನು ನೋಡಿ ಹೆಚ್ಚು ಕಳವಳಗೊಂಡವಳು ಇಪ್ಪತ್ತೆರಡು ವರ್ಷದ ಒಬ್ಬ ದಾದಿ. "ಅಮ್ಮಾ, ಇದನ್ನೆಲ್ಲ ನಾನು ಓದಿದ್ದೇನೆ, ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಬರೆದಿದ್ದೇನೆ. ರಾತ್ರಿ ಇಷ್ಟು ಜನಕ್ಕೆ ನಾವಿಬ್ಬರೇ. ಯಾರನ್ನು ಮೊದಲು ತಿರುಗಿಸಲಿ?" ಎಂದು ಅವಳು ಕೇಳಿದಳು. ನಾನು ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಮುರಿದ ಮೂಳೆಯನ್ನು ವೈದ್ಯರು ಚೆನ್ನಾಗಿಯೇ ಕೂಡಿಸಿದ್ದರು. ಆದರೆ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಕುಳಿತುಕೊಳ್ಳಲಾರದೆ ತಾಯಿಯವರು ಕಾಲಿನ ಬಲವನ್ನೆಲ್ಲ ಕಳೆದುಕೊಂಡರು, ಮತ್ತೆ ತಾವಾಗಿ ನಡೆಯಲಿಲ್ಲ. ಮೂಳೆಯಿಂದ ಹೋಗದ ನಡಿಗೆಯು ಹುಣ್ಣಿನಿಂದ ಹೋಯಿತು.

ಆ ಹುಡುಗಿಯ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ಅವಳಲ್ಲಿ ಜ್ಞಾನಕ್ಕೆ ಕೊರತೆಯಿರಲಿಲ್ಲ, ಮನಸ್ಸಿಗೂ ಕೊರತೆಯಿರಲಿಲ್ಲ. ಯಾರನ್ನು ಮೊದಲು ತಿರುಗಿಸಬೇಕೆಂಬುದಕ್ಕೆ ಆ ರಾತ್ರಿ ಅವಳ ಕೈಯಲ್ಲಿ ಉತ್ತರವಿರಲಿಲ್ಲ, ಅಷ್ಟೇ. ಆ ಉತ್ತರವು ಇದೆಯೆಂದು ನನಗೆ ತಿಳಿಸಿದವಳು ಅಜ್ಜಂಪುರದವಳಾದ ನಮ್ಮ ಹಳೆಯ ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ದಾದಿಯಾಗಿರುವ ಅವಳು ರಜೆಯಲ್ಲಿ ತಾಯಿಯವರನ್ನು ನೋಡಲು ಬಂದಳು. ಮೇಜಿನ ಮೇಲಿದ್ದ ಅಂಕಪಟ್ಟಿಯ ಹಾಳೆಯೊಂದನ್ನು ತಿರುಗಿಸಿ ಅದರ ಹಿಂದೆ ಆರು ಗೆರೆಗಳನ್ನು ಎಳೆದಳು. "ಟೀಚರ್, ನೀವು ನಮಗೆ ಅಂಕ ಕೊಡುತ್ತಿದ್ದಿರಿ, ನಾವು ರೋಗಿಗೆ ಕೊಡುತ್ತೇವೆ" ಎಂದಳು.

ಆ ಆರು ಗೆರೆಗಳು ಇವು. ಒತ್ತನ್ನೂ ನೋವನ್ನೂ ಅರಿಯುವ ಶಕ್ತಿ, ಚರ್ಮಕ್ಕೆ ತಟ್ಟುವ ತೇವ, ಎದ್ದು ಓಡಾಡುವ ಬಲ, ಮಲಗಿದಲ್ಲಿಯೇ ಹೊರಳುವ ಬಲ, ಆಹಾರ, ಹಾಸಿಗೆಯ ಮೇಲಿನ ಉಜ್ಜಿಕೆ ಮತ್ತು ಜಾರುವಿಕೆ. ಮೊದಲ ಐದಕ್ಕೆ ೧ರಿಂದ ೪ರವರೆಗೆ, ಕೊನೆಯದಕ್ಕೆ ೧ರಿಂದ ೩ರವರೆಗೆ ಅಂಕ. ಎಲ್ಲವೂ ಸರಿಯಿದ್ದವನಿಗೆ ಒಟ್ಟು ೨೩. ತೀರ ಕೆಟ್ಟ ಸ್ಥಿತಿಗೆ ೬. ೧೮ ಮತ್ತು ಅದಕ್ಕಿಂತ ಕೆಳಗೆ ಬಂದವನಿಗೆ ಹುಣ್ಣಿನ ಭಯವಿದೆಯೆಂದು ಎಣಿಸಬೇಕು. ೧೨ರಿಂದ ಕೆಳಗೆ ಇಳಿದರೆ ಭಯವು ಬಹಳ. ಅಮೆರಿಕದ ಬಾರ್ಬರಾ ಬ್ರೇಡನ್, ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ದಾದಿಯರು ರಚಿಸಿ ೧೯೮೭ರಲ್ಲಿ ಪ್ರಕಟಿಸಿದ ಈ ಮಾಪಕಕ್ಕೆ ಬ್ರೇಡನ್ ಮಾಪಕವೆಂದು ಹೆಸರು. ಇದಕ್ಕೂ ಮೊದಲು ೧೯೬೨ರಲ್ಲಿ ಇಂಗ್ಲೆಂಡಿನ ಡೋರೀನ್ ನಾರ್ಟನ್ ಎಂಬ ದಾದಿಯು ಆಸ್ಪತ್ರೆಯಲ್ಲಿದ್ದ ವೃದ್ಧರನ್ನು ಪರಿಶೀಲಿಸಿ ಐದು ಅಂಶಗಳ ೨೦ ಅಂಕಗಳ ಮಾಪಕವೊಂದನ್ನು ಹೊರತಂದಿದ್ದಳು. ಈ ಎರಡು ಅಳತೆಗೋಲುಗಳೂ ರೋಗಿಯ ಮಂಚದ ಬಳಿ ನಿಂತ ದಾದಿಯರ ಕಣ್ಣಿನಿಂದ ಹುಟ್ಟಿದುವೆಂಬುದನ್ನು ನಮ್ಮ ಹೆಣ್ಣುಮಕ್ಕಳು ನೆನಪಿಡಬೇಕು.

ನನ್ನ ತಾಯಿಯವರ ಅಂಕಗಳನ್ನು ಅವಳು ನನ್ನೆದುರಿಗೇ ಕೂಡಿಸಿದಳು. ಅರಿವಿಗೆ ೪, ತೇವಕ್ಕೆ ೩, ಓಡಾಟಕ್ಕೆ ೧, ಹೊರಳಿಕೆಗೆ ೨, ಆಹಾರಕ್ಕೆ ೨, ಜಾರುವಿಕೆಗೆ ೧, ಒಟ್ಟು ೧೩. ಐದು ನಿಮಿಷವೂ ಹಿಡಿಯಲಿಲ್ಲ. ಅಂಕಪಟ್ಟಿಗಳ ನಡುವೆಯೇ ಕಾಲ ಕಳೆದ ನನಗೆ ಅದನ್ನು ಓದುವುದು ಕಷ್ಟವಾಗಲಿಲ್ಲ. ಒಟ್ಟು ಅಂಕವೊಂದನ್ನೇ ನೋಡಿ ತೃಪ್ತಿಪಡುವ ಪೋಷಕರನ್ನು ನಾವು ಬಲ್ಲೆವು. ಹುಡುಗಿಯು ಗಣಿತದಲ್ಲಿ ಹಿಂದಿದ್ದಾಳೆಂಬುದು ಆ ಮೊತ್ತದಲ್ಲಿ ಅಡಗಿಹೋಗುತ್ತದೆ. ಇಲ್ಲಿಯೂ ಹಾಗೆಯೇ. ೧೩ ಎಂಬುದು ಎಚ್ಚರಿಕೆಯನ್ನು ಹೇಳುತ್ತದೆ. ಎಲ್ಲಿ ೧ ಬಿದ್ದಿದೆಯೋ ಅದು ಕೆಲಸವನ್ನು ಹೇಳುತ್ತದೆ. ತೇವಕ್ಕೆ ೧ ಬಿದ್ದರೆ ಬಟ್ಟೆ ಬದಲಾಯಿಸು, ಒಣಗಿಸು, ಚರ್ಮಕ್ಕೆ ಕಾಪು ಲೇಪ ಹಚ್ಚು. ಆಹಾರಕ್ಕೆ ೧ ಬಿದ್ದರೆ ಗಂಜಿಯಲ್ಲಿ ನಿಲ್ಲಬೇಡ. ಬೇಳೆ, ಹಾಲು, ಮೊಟ್ಟೆ ಸೇರಿಸು, ವೈದ್ಯರನ್ನು ಕೇಳು. ಹೊರಳಿಕೆಗೆ ೧ ಬಿದ್ದರೆ ನಿನ್ನ ಕೈಗಳೇ ಅವನ ಕೈಕಾಲುಗಳಾಗಬೇಕು.

ಈಗ ಆ ಚಿಕ್ಕ ದಾದಿಯ ಪ್ರಶ್ನೆಗೆ ಬರುತ್ತೇನೆ. ಒಂದು ವಾರ್ಡಿನಲ್ಲಿ ೪೦ ರೋಗಿಗಳೂ ರಾತ್ರಿ ಇಬ್ಬರು ದಾದಿಯರೂ ಇರುವರೆಂದು ಇಟ್ಟುಕೊಳ್ಳೋಣ. ಒಬ್ಬ ರೋಗಿಯನ್ನು ಎಳೆಯದೆ ಎತ್ತಿ ಮಗ್ಗುಲು ತಿರುಗಿಸಿ ದಿಂಬು ಕೊಡಲು ಇಬ್ಬರಿಗೆ ೫ ನಿಮಿಷ ಬೇಕು. ೪೦ ಜನರಿಗೆ ೨೦೦ ನಿಮಿಷ. ಆದರೆ ಎರಡು ಗಂಟೆಗೊಮ್ಮೆ ತಿರುಗಿಸಬೇಕಾದರೆ ಇರುವುದು ೧೨೦ ನಿಮಿಷ. ಎಷ್ಟು ಓಡಿದರೂ ಈ ಲೆಕ್ಕ ಕೂಡುವುದಿಲ್ಲ; ಕೂಡದ ಲೆಕ್ಕದ ಎದುರು ಮನುಷ್ಯನು ಕೈಚೆಲ್ಲುತ್ತಾನೆ. ಅದೇ ವಾರ್ಡಿನಲ್ಲಿ ಸೇರಿಸಿಕೊಂಡ ದಿನವೇ ಎಲ್ಲರಿಗೂ ಅಂಕ ಬರೆದು, ಎಂಟು ಮಂದಿಗೆ ಮಾತ್ರ ಅಪಾಯವುಂಟೆಂದು ಕಂಡುಬಂದರೆ ಬೇಕಾದುದು ೪೦ ನಿಮಿಷ. ಉಳಿದ ೮೦ ನಿಮಿಷ ಮಿಕ್ಕ ಕೆಲಸಕ್ಕೆ. ಅಂಕ ಬರೆಯುವುದು ಹೊರೆಯ ಮೇಲೆ ಹೊರೆಯೆಂದು ಹೇಳುವ ದಾದಿಯರಿದ್ದಾರೆ. ಲೆಕ್ಕ ಮಾಡಿ ನೋಡಿದರೆ ಕೈಗಳು ಕಡಿಮೆಯಿರುವ ಕಡೆಯಲ್ಲಿಯೇ ಅಂಕದ ಅವಶ್ಯಕತೆ ಹೆಚ್ಚು. ದಾದಿಯರ ಸಂಖ್ಯೆಯನ್ನು ಹೆಚ್ಚಿಸಬೇಕೆಂಬುದು ನ್ಯಾಯವಾದ ಬೇಡಿಕೆ; ಅದು ಈಡೇರುವವರೆಗೆ ಯಾರ ಬೆನ್ನು ಕಾಯಬೇಕೆಂಬುದನ್ನು ಮಾಪಕವು ತೋರಿಸುತ್ತದೆ. ಮತ್ತು ರೋಗಿಯ ಸ್ಥಿತಿ ಬದಲಾದಾಗಲೆಲ್ಲ ಅಂಕವನ್ನು ಹೊಸದಾಗಿ ಬರೆಯತಕ್ಕದ್ದು. ಶಸ್ತ್ರಚಿಕಿತ್ಸೆಗೆ ಮುಂಚಿನ ಅಂಕವು ಅದರ ಮರುದಿನಕ್ಕೆ ಸಲ್ಲದು.

ಇಷ್ಟು ಹೇಳಿ ಇನ್ನೊಂದು ಮಾತನ್ನು ಮುಚ್ಚಿಡಬಾರದು. ೨೦೧೯ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯು ಪ್ರಕಟಿಸಿದ ವಿಮರ್ಶೆಯಲ್ಲಿ, ಮಾಪಕವನ್ನು ತುಂಬಿದ ಮಾತ್ರಕ್ಕೆ ದಾದಿಯ ಸ್ವಂತ ವಿವೇಚನೆಗಿಂತ ಹುಣ್ಣುಗಳು ಕಡಿಮೆಯಾಗುವುವೆಂಬುದಕ್ಕೆ ಖಚಿತವಾದ ಆಧಾರ ಸಿಕ್ಕಲಿಲ್ಲ. ಇದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಅಂಕ ಬರೆದು ಪುಸ್ತಕ ಮುಚ್ಚಿಟ್ಟರೆ ಯಾವ ಹುಡುಗಿಯೂ ಜಾಣೆಯಾಗಳು. ಅಂಕದ ಮುಂದಿನ ಕಾಲಂನಲ್ಲಿ ಏನು ಮಾಡಬೇಕು, ಎಷ್ಟು ಗಂಟೆಗೆ ಮಾಡಿದೆವು, ಯಾರು ಮಾಡಿದರು ಎಂದು ಬರೆಯದಿದ್ದರೆ ಅದು ಬರಿಯ ಸಂಖ್ಯೆ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಉನ್ನತ ಪದವಿಗೆ ಓದುವವರು ಪ್ರಬಂಧಕ್ಕಾಗಿ ಮೇಲಿಂದ ಮೇಲೆ ಆರಿಸಿಕೊಳ್ಳುವ ವಿಷಯಗಳಲ್ಲಿ ಹಾಸಿಗೆಹುಣ್ಣಿನ ಬಗೆಗೆ ದಾದಿಯರಿಗಿರುವ ತಿಳಿವಳಿಕೆಯೂ ಒಂದು. ಪ್ರಶ್ನಾವಳಿಯನ್ನು ಕೊಟ್ಟು ಅಂಕ ಹಾಕುತ್ತಾರೆ, ಪಾಠ ಹೇಳಿ ಮತ್ತೆ ಅಂಕ ಹಾಕುತ್ತಾರೆ. ಅದು ಒಳ್ಳೆಯದೇ. ಆದರೆ ಪ್ರಶ್ನಾವಳಿಯು ದಾದಿಗೆ ಏನು ಗೊತ್ತೆಂಬುದನ್ನು ಅಳೆಯುತ್ತದೆ. ಅವಳು ಏನು ಮಾಡಿದಳೆಂಬುದಕ್ಕೆ ರೋಗಿಯ ಬೆನ್ನೇ ಸಾಕ್ಷಿ.

ತಿಳಿವಳಿಕೆಯೂ ನಿಂತ ನೀರಲ್ಲ. ಬೆನ್ನಿಗೆ ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರು ಹಾಕುವುದು ಹಿಂದಿನ ಕಾಲದ ದಾದಿಯರ ನಿತ್ಯವಿಧಿಯಾಗಿತ್ತು. ಕೆಂಪಾದ ಕಡೆ ತಿಕ್ಕಿದರೆ ಒಳಗೆ ಮೊದಲೇ ನೊಂದ ಮಾಂಸವು ಇನ್ನಷ್ಟು ಹರಿಯುವುದೆಂದೂ, ಸ್ಪಿರಿಟ್ ಚರ್ಮವನ್ನು ಒಣಗಿಸುವುದೆಂದೂ ಈಗ ತಿಳಿದಿದೆ. ನಡುವೆ ತೂತಿರುವ ರಬ್ಬರಿನ ಬಳೆಯ ಮೇಲೆ ಕೂರಿಸುವುದನ್ನೂ, ನೀರು ತುಂಬಿದ ಕೈಗವುಸನ್ನು ಹಿಮ್ಮಡಿಯ ಕೆಳಗೆ ಇಡುವುದನ್ನೂ ಮಾಡಬಾರದೆಂದು ಈಗಿನ ನಿಯಮ. ಅವು ಒಂದು ಕಡೆಯ ಒತ್ತನ್ನು ಸುತ್ತಮುತ್ತಲಿಗೆ ದಾಟಿಸುತ್ತವೆಯೇ ಹೊರತು ತೆಗೆಯುವುದಿಲ್ಲ. ಹಿಮ್ಮಡಿಗೆ ಬೇಕಾದುದು ಮೀನಖಂಡದ ಕೆಳಗೆ ಉದ್ದಕ್ಕೂ ಒಂದು ದಿಂಬು, ಹಿಮ್ಮಡಿಯು ಗಾಳಿಯಲ್ಲಿ ತೇಲುವಂತೆ.

ಮತ್ತೊಂದು ಪಾಠವು ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. ಮೊದಲ ಹಂತದ ಗುರುತು ಕೆಂಪು ಬಣ್ಣವೆಂದೂ, ಬೆರಳಿನಿಂದ ಒತ್ತಿ ಬಿಟ್ಟಾಗ ಆ ಕೆಂಪು ಬಿಳಿಚದಿದ್ದರೆ ಅಪಾಯವೆಂದೂ ಪುಸ್ತಕಗಳಲ್ಲಿದೆ. ಬಿಳಿಯ ಮೈಬಣ್ಣದವರನ್ನು ನೋಡಿ ಬರೆದ ಮಾತು ಅದು. ನಮ್ಮ ಹೊಲದಲ್ಲಿ ದುಡಿದ ಕಪ್ಪು ಮೈಯಲ್ಲಿ ಕೆಂಪು ಕಾಣುವುದೇ ಇಲ್ಲ. ಅಲ್ಲಿ ಕಣ್ಣಿನ ಜೊತೆಗೆ ಕೈಯೂ ನೋಡಬೇಕು: ಪಕ್ಕದ ಚರ್ಮಕ್ಕಿಂತ ಬಿಸಿಯೋ ತಂಪೋ, ಗಟ್ಟಿಯೋ ಮೆತ್ತಗೋ, ಮುಟ್ಟಿದರೆ ನೋವೋ, ಬಣ್ಣವು ಸುತ್ತಲಿಗಿಂತ ಗಾಢವೋ. ಇದನ್ನು ಅರಿಯದ ದಾದಿಯು ಎರಡನೆಯ ಹಂತಕ್ಕೆ ಚರ್ಮ ಒಡೆದ ಮೇಲೆಯೇ ಹುಣ್ಣನ್ನು ಕಾಣುವಳು.

ಹುಣ್ಣು ಬರುವುದು ಹಣೆಯಬರಹವೆಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟು. ವಿದ್ಯಾವಂತರೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದರು. ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಫ್ರೆಂಚ್ ವೈದ್ಯನಾದ ಶಾರ್ಕೋ ಎಂಬಾತನು ನರಗಳ ಹಾನಿಯೇ ಈ ಹುಣ್ಣಿಗೆ ಕಾರಣವೆಂದು ಬೋಧಿಸಿದನು. ಹಾಗಾದರೆ ದಾದಿಯು ಮಾಡತಕ್ಕದ್ದೇನೂ ಉಳಿಯುವುದಿಲ್ಲ. ಅದೇ ಶತಮಾನದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ದಾದಿತನವನ್ನು ಕುರಿತು ೧೮೫೯ರಲ್ಲಿ ಬರೆದ ಪುಸ್ತಕದಲ್ಲಿ, ಈ ಹುಣ್ಣು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬ ಅಭಿಪ್ರಾಯವನ್ನು ಕೊಟ್ಟಳು. ೧೯೪೪ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯನು ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಭಾಗವನ್ನು ವಹಿಸಿಕೊಂಡನು. ಹಗಲಿರುಳೂ ಎರಡೆರಡು ಗಂಟೆಗೊಮ್ಮೆ ಅವರನ್ನು ತಿರುಗಿಸುವ ಕ್ರಮವನ್ನು ಪಟ್ಟುಹಿಡಿದು ನಡೆಸಿದನು. ಹುಣ್ಣಿನಿಂದಲೂ ಸೋಂಕಿನಿಂದಲೂ ಸಾಯುವರೆಂದು ಕೈಬಿಟ್ಟಿದ್ದ ತರುಣರು ಬದುಕಿ ಕೆಲಸಕ್ಕೆ ಹೋದರು. ನರವು ಮೊದಲಿನಂತೆ ಆಗಲಿಲ್ಲ. ಆದರೂ ಚರ್ಮ ಉಳಿಯಿತು. ಮೈಯನ್ನು ತಿರುಗಿಸುವ ಕೈಯಿದ್ದರೆ ಹುಣ್ಣನ್ನು ತಡೆಯಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮಗೆ ಹತ್ತಿರದ ವೆಲ್ಲೂರಿನ ಮಿಷನ್ ಆಸ್ಪತ್ರೆಯ ವೈದ್ಯೆ ಮೇರಿ ವರ್ಗೀಸ್ ಅವರ ಹೆಸರನ್ನು ನಮ್ಮ ಹುಡುಗಿಯರು ಕೇಳಿರಬೇಕು. ೧೯೫೪ರಲ್ಲಿ ವಾಹನದ ಅಪಘಾತದಿಂದ ಅವರ ಕೆಳಮೈ ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ೧೯೬೬ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರವು ಅವರ ನೇತೃತ್ವದಲ್ಲಿ ತೆರೆಯಿತು. ಅಂಗವು ಸ್ಪರ್ಶ ಕಳೆದುಕೊಂಡವರ ಚರ್ಮವನ್ನು ದಿನದಿನವೂ ಕಣ್ಣಿನಿಂದ ಪರೀಕ್ಷಿಸದಿದ್ದರೆ ಇಂಥ ಬಾಳು ಸಾಧ್ಯವೇ ಇಲ್ಲ. ದೊಡ್ಡ ಬಾಳುಗಳ ಹಿಂದೆ ಇಂಥ ಚಿಕ್ಕ ಕೆಲಸಗಳು ನಿಂತಿರುತ್ತವೆ.

ಚಿಕ್ಕ ಕೆಲಸವೆಂದೆನು. ತರೀಕೆರೆಯ ಬಳಿಯ ಹಳ್ಳಿಯೊಂದರಲ್ಲಿ ನಮ್ಮ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿನಿ ಇದ್ದಾಳೆ; ಅವಳ ಮಗಳು ಈಗ ನಮ್ಮಲ್ಲಿ ಒಂಬತ್ತನೆಯ ತರಗತಿ. ಗಂಡನು ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಅರಿವಿಲ್ಲದೆ ಮಲಗಿದ್ದಾನೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಸಂಜೆ ವಾರ್ಡಿನ ದಾದಿಯೊಬ್ಬಳು ಅರ್ಧ ಗಂಟೆ ಅವಳ ಜೊತೆ ನಿಂತು, ಗಂಡನನ್ನು ಓರೆಯಾಗಿ ಹೇಗೆ ಮಲಗಿಸಬೇಕು, ಮೊಣಕಾಲುಗಳ ನಡುವೆ ದಿಂಬು ಹೇಗಿಡಬೇಕು, ಎಳೆಯದೆ ಹೇಗೆ ಎತ್ತಬೇಕು ಎಂದು ಮಾಡಿ ತೋರಿಸಿ, ಅವಳ ಕೈಯಿಂದಲೂ ಮಾಡಿಸಿದಳಂತೆ. ಮನೆಯಲ್ಲಿ ತಾಯಿಯೂ ಮಗಳೂ ಸರದಿಯ ಮೇಲೆ ಏಳುತ್ತಾರೆ. ಗೋಡೆಗೆ ತೂಗುಹಾಕಿದ ನೋಟು ಪುಸ್ತಕದಲ್ಲಿ ಮಗಳು ಎಡ, ಬೆನ್ನು, ಬಲ ಎಂದು ಗಂಟೆಯ ಸಮೇತ ಬರೆಯುತ್ತಾಳೆ. ನಾನು ಹೋಗಿದ್ದಾಗ ಅವಳು ಆ ಪುಸ್ತಕವನ್ನು ತಂದು ತೋರಿಸಿದಳು. ಎರಡು ವರ್ಷಗಳಾದರೂ ಆ ಬೆನ್ನಿನಲ್ಲಿ ಒಂದು ಗೀರೂ ಇಲ್ಲ. ಆ ಹುಡುಗಿಯು ತರಗತಿಯಲ್ಲಿ ತೂಕಡಿಸಿದರೆ ನಮ್ಮ ಉಪಾಧ್ಯಾಯಿನಿಯರು ಎಬ್ಬಿಸುವುದಿಲ್ಲ.

ಒಬ್ಬ ದಾದಿಯ ಅರ್ಧ ಗಂಟೆಯು ಎರಡು ವರ್ಷದ ಚರ್ಮವನ್ನು ಕಾಪಾಡಿತು. ನಮ್ಮ ಆಸ್ಪತ್ರೆಗಳು ರೋಗಿಯನ್ನು ಬೇಗನೆ ಮನೆಗೆ ಕಳುಹಿಸುತ್ತವೆ. ಕಳುಹಿಸಲೇಬೇಕು, ಹಾಸಿಗೆಗಳು ಕಡಿಮೆ. ಆದಕಾರಣ ದಾದಿಯ ತಿಳಿವಳಿಕೆಯು ವಾರ್ಡಿನ ಬಾಗಿಲಿನಲ್ಲಿ ನಿಲ್ಲಬಾರದು. ದಾದಿಯರಾಗಿರುವ ನನ್ನ ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ರೋಗಿಯು ಬಂದ ದಿನವೇ ಅಂಕ ಬರೆಯಿರಿ. ಬರೆದ ಮೇಲೆ ಕೈ ಹಾಕಿರಿ. ಕಳುಹಿಸುವಾಗ ಮನೆಯವಳ ಕೈಗೆ ಆ ವಿದ್ಯೆಯನ್ನು ಕೊಟ್ಟು ಕಳುಹಿಸಿರಿ. ರಜೆಯಲ್ಲಿ ಊರಿಗೆ ಬಂದಾಗ ಒಂದು ಶನಿವಾರವನ್ನು ಶಾಲೆಗೆ ಕೊಡಿರಿ. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಒಂದು ಮಂಚ, ನಾಲ್ಕು ದಿಂಬುಗಳನ್ನಿಟ್ಟು ಕಲಿಸಿರಿ. ಮಂಚವನ್ನು ನಾವು ಸಿದ್ಧಪಡಿಸಿದ್ದೇವೆ.

ಪೋಷಕರಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮವರು ಆಸ್ಪತ್ರೆಯಲ್ಲಿ ಮಲಗಿದ್ದರೆ ಅವರ ಹುಣ್ಣಿನ ಅಪಾಯವೆಷ್ಟೆಂದು ದಾದಿಯನ್ನು ವಿನಯದಿಂದ ಕೇಳಿರಿ. ತಿರುಗಿಸಲು ನಿಮ್ಮ ಕೈಯನ್ನೂ ಕೊಡಿರಿ, ಮುರಿದ ಮೂಳೆಯಿದ್ದಲ್ಲಿ ವೈದ್ಯರ ಅಪ್ಪಣೆ ಪಡೆದು. ಮನೆಯಲ್ಲಿ ಕಪ್ಪಾದ ಚರ್ಮ, ದುರ್ವಾಸನೆ, ಜ್ವರ ಕಂಡರೆ ಮನೆಮದ್ದು ಹಚ್ಚುತ್ತ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಿರಿ. ಈ ಸಂಚಿಕೆಯನ್ನು ಓದಿ ಮುಗಿಸಿದ ರಾತ್ರಿ ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದರೆ, ದೀಪವನ್ನು ಹತ್ತಿರ ತಂದು ಅವರ ಹಿಮ್ಮಡಿಗಳನ್ನೂ ಬೆನ್ನಿನ ಬುಡವನ್ನೂ ಒಮ್ಮೆ ನೋಡಿರಿ, ಕೈಯಿಂದ ಮುಟ್ಟಿ ನೋಡಿರಿ. ಮತ್ತೆ ನಾಳೆಯೂ ನೋಡಿರಿ.